ಲಾಕ್ ಇಲ್ಲದ ರಿಂಗ್ ಬಫರ್: ಆರ್ಮ್64ರಲ್ಲಿ ಹಳೆಯ ಡೇಟಾ, ಎಕ್ಸ್86ರಲ್ಲೂ ಒಮ್ಮೊಮ್ಮೆ ಏಳದ ಥ್ರೆಡ್. ಬ್ಯಾರಿಯರ್ ಎಲ್ಲೆಲ್ಲಿ ಬೇಕು?

ಬಫರ್‌ಬಳ್ಳಿ

ಲಿನಕ್ಸ್ 6.6 ಕರ್ನಲ್ಲಿನ ಒಂದು ಮಾಡ್ಯೂಲ್. ಹಾಕುವುದು ಒಂದು ಇಂಟರಪ್ಟ್ ಥ್ರೆಡ್, ತೆಗೆಯುವುದು ಒಂದು ಕೆಥ್ರೆಡ್, ಅಂದರೆ ಕರ್ನಲ್ ಥ್ರೆಡ್. ನಡುವೆ 256 ಸ್ಲಾಟುಗಳ ರಿಂಗ್ (ಕೊನೆಯ ಸ್ಲಾಟ್ ಆದ ಮೇಲೆ ಮತ್ತೆ ಮೊದಲಿನದಕ್ಕೆ ಸುತ್ತುವ ಬಫರ್), ಪ್ರತಿ ಸ್ಲಾಟ್ 64 ಬೈಟ್. ಮುಂದೆ ಹಾಕಬೇಕಾದ ಜಾಗದ ಎಣಿಕೆ ಹೆಡ್, ಮುಂದೆ ತೆಗೆಯಬೇಕಾದ ಜಾಗದ್ದು ಟೇಲ್. ಹೆಡ್ ಅನ್ನು ಹಾಕುವ ಕಡೆಯೊಂದೇ ಬರೆಯುತ್ತದೆ, ಟೇಲ್ ಅನ್ನು ತೆಗೆಯುವ ಕಡೆಯೊಂದೇ ಬರೆಯುತ್ತದೆ, ಹಾಗಾಗಿ ಲಾಕ್ ಇಟ್ಟಿಲ್ಲ. ಎರಡೂ ಯು32 (32 ಬಿಟ್‌ನ ಋಣವಿಲ್ಲದ ಪೂರ್ಣಾಂಕ), ಏರುತ್ತಲೇ ಹೋಗುತ್ತವೆ. ಸ್ಲಾಟ್ ಲೆಕ್ಕಕ್ಕೆ ಮಾತ್ರ 255ರ ಮಾಸ್ಕ್. ಕೋಡಿನ ಹೆಸರುಗಳನ್ನೂ ಕನ್ನಡದಲ್ಲೇ ಬರೆದಿದ್ದೇನೆ.

ಹಾಕುವ ಕಡೆ:

ಹೆಡ್ = ಆರ್->ಹೆಡ್;
ಇಫ್ (ಹೆಡ್ - ಆರ್->ಟೇಲ್ >= 256) ರಿಟರ್ನ್ ಫಾಲ್ಸ್;
ಆರ್->ಸ್ಲಾಟ್[ಹೆಡ್ & 255] = ಐಟಂ;
ಆರ್->ಹೆಡ್ = ಹೆಡ್ + 1;
ಇಫ್ (ವೇಟ್‌ಕ್ಯೂ_ಆಕ್ಟಿವ್(&ಆರ್->ಕ್ಯೂ)) ವೇಕ್_ಅಪ್(&ಆರ್->ಕ್ಯೂ);

ತೆಗೆಯುವ ಕಡೆ:

ವೇಟ್_ಈವೆಂಟ್_ಇಂಟರಪ್ಟಿಬಲ್(ಆರ್->ಕ್ಯೂ, ಆರ್->ಹೆಡ್ != ಆರ್->ಟೇಲ್);
ಟೇಲ್ = ಆರ್->ಟೇಲ್;
ಐಟಂ = ಆರ್->ಸ್ಲಾಟ್[ಟೇಲ್ & 255];
ಆರ್->ಟೇಲ್ = ಟೇಲ್ + 1;

ಕ್ಯೂ ಎಂದರೆ ವೇಟ್ ಕ್ಯೂ, ಮಲಗಿ ಕಾಯುವ ಥ್ರೆಡ್‌ಗಳ ಪಟ್ಟಿ. ತೊಂದರೆ ಎರಡು. ಒಂದು, ಆರ್ಮ್64ರಲ್ಲಿ ಆಗಾಗ ಸ್ಲಾಟಿನಲ್ಲಿ ಹಿಂದಿನ ಸುತ್ತಿನ ಡೇಟಾ ಸಿಗುತ್ತದೆ, ಎಕ್ಸ್86ರಲ್ಲಿ ಹೀಗಾಗುವುದಿಲ್ಲ. ಎರಡು, ಎರಡೂ ಕಡೆ ಅಪರೂಪಕ್ಕೊಮ್ಮೆ ರಿಂಗಿನಲ್ಲಿ ಐಟಂ ಇದ್ದರೂ ಕೆಥ್ರೆಡ್ ಮಲಗಿಯೇ ಇರುತ್ತದೆ. ಇನ್ನೊಂದು ಐಟಂ ಬಂದಾಗಲೇ ಏಳುತ್ತದೆ. ಹೆಡ್ ಬರೆದ ತಕ್ಷಣ ಒಂದು ಎಸ್‌ಎಂಪಿ_ಎಂಬಿ() (ಪೂರ್ಣ ಮೆಮೊರಿ ಬ್ಯಾರಿಯರ್) ಹಾಕಿ ಡೇಟಾವನ್ನು ಮೆಮೊರಿಗೆ ತಳ್ಳಿದರೆ ಎರಡೂ ಸರಿಹೋಗುತ್ತವೆಯೇ?

ಓರಣ

ನೀವು ಹೇಳಿದ ಜಾಗದಲ್ಲಿ ಎಸ್‌ಎಂಪಿ_ಎಂಬಿ() ಹಾಕಿದರೆ ಎರಡನೆಯ ತೊಂದರೆ ಹೋಗುತ್ತದೆ, ಮೊದಲನೆಯದು ಹಾಗೇ ಉಳಿಯುತ್ತದೆ. ಅವೆರಡು ಬೇರೆ ಬೇರೆ ದೋಷಗಳು.

ಮೊದಲು "ಮೆಮೊರಿಗೆ ತಳ್ಳುವುದು" ಎಂಬ ಕಲ್ಪನೆಯನ್ನು ಬಿಡಿ. ಬ್ಯಾರಿಯರ್ ಏನನ್ನೂ ತಳ್ಳುವುದಿಲ್ಲ, ಕ್ಯಾಶ್ ಖಾಲಿ ಮಾಡುವುದಿಲ್ಲ, ಬರೆದದ್ದನ್ನು ಇನ್ನೊಂದು ಕೋರಿಗೆ ಬೇಗ ಮುಟ್ಟಿಸುವುದೂ ಇಲ್ಲ. ಕ್ಯಾಶ್‌ಗಳು ಹೇಗೂ ಒಂದಕ್ಕೊಂದು ತಾಳೆಯಲ್ಲೇ ಇರುತ್ತವೆ. ಬ್ಯಾರಿಯರ್ ಮಾಡುವುದು ಇಷ್ಟೇ: ಒಂದೇ ಕೋರಿನ ಎರಡು ಓದು-ಬರಹಗಳ ನಡುವೆ ಕ್ರಮ ಕಾಯುವುದು. ಆ ಕ್ರಮದಿಂದ ಉಪಯೋಗ ಆಗಬೇಕಾದರೆ ಇನ್ನೊಂದು ಕೋರೂ ತನ್ನ ಎರಡು ಓದು-ಬರಹಗಳನ್ನು ಕ್ರಮದಲ್ಲಿ ಇಟ್ಟಿರಬೇಕು. ಒಂದೇ ಕೈಯಲ್ಲಿ ಚಪ್ಪಾಳೆ ಆಗುವುದಿಲ್ಲ.

ಈಗ ಮೊದಲನೆಯ ತೊಂದರೆ. ಹಾಕುವ ಕಡೆ ಸ್ಲಾಟ್ ಬರೆದು ಆಮೇಲೆ ಹೆಡ್ ಬರೆಯುತ್ತದೆ. ತೆಗೆಯುವ ಕಡೆ ಹೆಡ್ ಓದಿ ಆಮೇಲೆ ಸ್ಲಾಟ್ ಓದುತ್ತದೆ. ಆರ್ಮ್64ರಲ್ಲಿ ಎರಡು ಬರಹಗಳು ಬೇರೆ ಬೇರೆ ಕ್ಯಾಶ್ ಲೈನಿನಲ್ಲಿದ್ದರೆ (ಕ್ಯಾಶ್ ಒಮ್ಮೆಗೆ ತರುವ ಮೆಮೊರಿಯ ತುಣುಕೇ ಕ್ಯಾಶ್ ಲೈನ್) ಹಿಂದುಮುಂದಾಗಿ ಹೊರಗೆ ಕಾಣಬಹುದು. ಎರಡು ಓದುಗಳೂ ಹಾಗೆಯೇ. ಬರೆಯುವ ಕಡೆ ಮಾತ್ರ ಸರಿಮಾಡಿದರೆ, ಓದುವ ಕಡೆ ಸ್ಲಾಟನ್ನು ಮೊದಲೇ ಊಹೆಯಲ್ಲಿ ಓದಿಟ್ಟು ಆಮೇಲೆ ಹೊಸ ಹೆಡ್ ನೋಡುತ್ತದೆ. ಫಲಿತಾಂಶ ಅದೇ ಹಳೆಯ ಡೇಟಾ. ಎಕ್ಸ್86ರ ಹಾರ್ಡ್‌ವೇರ್ ಬರಹ-ಬರಹ, ಓದು-ಓದು ಎರಡೂ ಕ್ರಮಗಳನ್ನು ಕಾಯುವುದರಿಂದ ಅಲ್ಲಿ ಕಾಣಲಿಲ್ಲ. ಆದರೆ ಕಂಪೈಲರ್ ಅಲ್ಲೂ ಹಿಂದುಮುಂದು ಮಾಡಬಹುದು. ಬರಿಯ ಆರ್->ಹೆಡ್ = ಹೆಡ್ + 1 ಎಂಬ ಸಾಲನ್ನು ಸ್ಲಾಟಿನ ಬರಹಕ್ಕಿಂತ ಮೇಲೆ ಎತ್ತಿಡುವ ಹಕ್ಕು ಅದಕ್ಕೆ ಇದೆ. ಇವತ್ತಿನ ಬಿಲ್ಡಿನಲ್ಲಿ ಎತ್ತಿಟ್ಟಿಲ್ಲ ಅಷ್ಟೇ.

ಸರಿಯಾದ ರೂಪ:

ಹಾಕುವ ಕಡೆ: ಎಸ್‌ಎಂಪಿ_ಸ್ಟೋರ್_ರಿಲೀಸ್(&ಆರ್->ಹೆಡ್, ಹೆಡ್ + 1);
ತೆಗೆಯುವ ಕಡೆ: ಎಸ್‌ಎಂಪಿ_ಲೋಡ್_ಅಕ್ವೈರ್(&ಆರ್->ಹೆಡ್) != ಆರ್->ಟೇಲ್

ರಿಲೀಸ್ ತನಗಿಂತ ಮೇಲಿನ ಓದು-ಬರಹಗಳನ್ನೆಲ್ಲ ಕೆಳಗೆ ಜಾರಲು ಬಿಡುವುದಿಲ್ಲ. ಅಕ್ವೈರ್ ತನಗಿಂತ ಕೆಳಗಿನವನ್ನು ಮೇಲೆ ಏರಲು ಬಿಡುವುದಿಲ್ಲ. ಈ ಜೋಡಿ 3.14ರಿಂದ, ಅಂದರೆ 2014ರಿಂದ, ಕರ್ನಲ್ಲಿನಲ್ಲಿದೆ. ಕಾಮೆಂಟಿನಲ್ಲಿ ಯಾವುದಕ್ಕೆ ಯಾವುದು ಜೋಡಿ ಎಂದು ಬರೆಯಿರಿ. ಬರೀ ಬ್ಯಾರಿಯರ್ ಕಂಡರೆ ಪ್ಯಾಚ್‌ಗಳನ್ನು ಪರಿಶೀಲಿಸುವ ಚೆಕ್‌ಪ್ಯಾಚ್ ಸ್ಕ್ರಿಪ್ಟೇ ಕಾಮೆಂಟ್ ಕೇಳುತ್ತದೆ.

ತೇಗದಮರ

ಎಸ್‌ಎಂಪಿ_ಡಬ್ಲ್ಯೂಎಂಬಿ(), ಎಸ್‌ಎಂಪಿ_ಆರ್‌ಎಂಬಿ() ಜೋಡಿ ಹಾಕಿದರೂ ಇದೇ ಕೆಲಸ ಆಗುವುದಿಲ್ಲವೇ? ಇಲ್ಲವೇ ಸಂಶಯವಿದ್ದಲ್ಲೆಲ್ಲ ಎಸ್‌ಎಂಪಿ_ಎಂಬಿ() ಹಾಕಿಬಿಡುವುದು?

ಗಡಿಕಲ್ಲು

ಹೆಡ್ ವಿಷಯಕ್ಕೆ ಆಗುತ್ತದೆ, ಟೇಲ್ ವಿಷಯಕ್ಕೆ ಆಗುವುದಿಲ್ಲ. ತೆಗೆಯುವ ಕಡೆ ನೋಡಿ: ಸ್ಲಾಟ್ ಓದಿ, ಆಮೇಲೆ ಟೇಲ್ ಬರೆಯಬೇಕು. ಅಂದರೆ ಓದು ಮೊದಲು, ಬರಹ ಆಮೇಲೆ. ಡಬ್ಲ್ಯೂಎಂಬಿ ಬರಹ-ಬರಹಗಳನ್ನು ಮಾತ್ರ ಕಾಯುತ್ತದೆ, ಆರ್‌ಎಂಬಿ ಓದು-ಓದುಗಳನ್ನು ಮಾತ್ರ. ಓದು-ಬರಹದ ಕ್ರಮ ಎರಡಕ್ಕೂ ಸೇರಿಲ್ಲ. ಅಲ್ಲಿ ಡಬ್ಲ್ಯೂಎಂಬಿ ಹಾಕಿದರೆ, ಸ್ಲಾಟ್ ಓದಿ ಮುಗಿಯುವ ಮೊದಲೇ "ಈ ಸ್ಲಾಟ್ ಖಾಲಿ" ಎಂಬ ಸುದ್ದಿ ಹೋಗಿ, ಆ ಕಡೆಯವರು ಅದರ ಮೇಲೆ ಬರೆದುಬಿಡಬಹುದು. ಟೇಲ್‌ಗೂ ಎಸ್‌ಎಂಪಿ_ಸ್ಟೋರ್_ರಿಲೀಸ್ ಬೇಕು; ರಿಲೀಸ್ ಮೇಲಿನ ಓದುಗಳನ್ನೂ ಕಾಯುತ್ತದೆ.

ಎಲ್ಲ ಕಡೆ ಎಸ್‌ಎಂಪಿ_ಎಂಬಿ() ಹಾಕುವುದು ತಪ್ಪಲ್ಲ, ಆದರೆ ದುಬಾರಿ. ಯಾವ ಯಂತ್ರದಲ್ಲಿ ಏನಾಗುತ್ತದೆ ಎಂದು ತಿಳಿದಿದ್ದರೆ ಒಳ್ಳೆಯದು. ಎಕ್ಸ್86ರಲ್ಲಿ ರಿಲೀಸ್, ಅಕ್ವೈರ್ ಎರಡೂ ಸಾಮಾನ್ಯ ಮೂವ್ ಸೂಚನೆಗಳೇ, ಜೊತೆಗೆ ಕಂಪೈಲರ್ ಬ್ಯಾರಿಯರ್. ಎಸ್‌ಎಂಪಿ_ಆರ್‌ಎಂಬಿ, ಎಸ್‌ಎಂಪಿ_ಡಬ್ಲ್ಯೂಎಂಬಿ ಕೂಡ ಕಂಪೈಲರ್ ಬ್ಯಾರಿಯರ್ ಮಾತ್ರ. ಎಸ್‌ಎಂಪಿ_ಎಂಬಿ ಆದರೆ ಸ್ಟ್ಯಾಕಿನ ಮೇಲೆ ಲಾಕ್ ಪ್ರಿಫಿಕ್ಸ್ ಇರುವ ಒಂದು ಸೊನ್ನೆ ಕೂಡಿಸುವ ಸೂಚನೆ. ಮೊದಲಿದ್ದ ಎಂಫೆನ್ಸ್ ಸೂಚನೆಗಿಂತ ಅಗ್ಗ ಎಂಬ ಕಾರಣಕ್ಕೆ ಹಾಗೆ ಬದಲಾಯಿಸಿದರು. ಆರ್ಮ್64ರಲ್ಲಿ ರಿಲೀಸ್ ಎಂದರೆ ಎಸ್‌ಟಿಎಲ್‌ಆರ್, ಅಕ್ವೈರ್ ಎಂದರೆ ಎಲ್‌ಡಿಎಆರ್, ಪೂರ್ಣ ಬ್ಯಾರಿಯರ್ ಎಂದರೆ ಡಿಎಂಬಿ ಐಎಸ್‌ಎಚ್. ಪವರ್ (ಐಬಿಎಂನ ಪ್ರೊಸೆಸರ್ ಬಗೆ) ಯಂತ್ರದಲ್ಲಿ ರಿಲೀಸ್‌ಗೆ ಎಲ್‌ಡಬ್ಲ್ಯೂಸಿಂಕ್ ಸಾಕು, ಪೂರ್ಣ ಬ್ಯಾರಿಯರಿಗೆ ಭಾರದ ಸಿಂಕ್.

ದುಡ್ಡಿಗಿಂತ ದೊಡ್ಡ ಕಾರಣ ಇನ್ನೊಂದು. ರಿಲೀಸ್ ಎಂದು ಬರೆದರೆ ಯಾವ ವೇರಿಯಬಲ್ ಮೂಲಕ ಸುದ್ದಿ ದಾಟುತ್ತಿದೆ ಎಂದು ಆ ಸಾಲೇ ಹೇಳುತ್ತದೆ. ಬರೀ ಎಸ್‌ಎಂಪಿ_ಎಂಬಿ() ನೋಡಿದವರು ಅದು ಯಾವ ಎರಡು ಸಾಲುಗಳಿಗಾಗಿ ಇದೆ ಎಂದು ಹುಡುಕಬೇಕು. ಮುಂದೆ ಯಾರಾದರೂ ಆ ಸಾಲುಗಳಲ್ಲಿ ಒಂದನ್ನು ಬೇರೆ ಫಂಕ್ಷನ್ನಿಗೆ ಸಾಗಿಸಿದರೆ ಬ್ಯಾರಿಯರ್ ಅನಾಥವಾಗಿ ಉಳಿಯುತ್ತದೆ.

ಬಫರ್‌ಬಳ್ಳಿ

ಹೆಡ್ ಜೋಡಿ ಅರ್ಥವಾಯಿತು. ಟೇಲ್‌ಗೆ ತೆಗೆಯುವ ಕಡೆ ರಿಲೀಸ್. ಹಾಗಾದರೆ ಹಾಕುವ ಕಡೆ ಟೇಲ್ ಓದುವಾಗ ಅಕ್ವೈರ್ ಬೇಕೇ? ಅಲ್ಲಿ ಇಫ್ ಇದೆಯಲ್ಲ. ಜಾಗ ಇದೆ ಎಂದು ತಿಳಿಯುವ ಮೊದಲು ಸ್ಲಾಟ್ ಬರೆಯಲು ಹೇಗೆ ಸಾಧ್ಯ?

ಓರಣ

ಒಳ್ಳೆಯ ಪ್ರಶ್ನೆ. ಇದಕ್ಕೆ ಕಂಟ್ರೋಲ್ ಡಿಪೆಂಡೆನ್ಸಿ ಎನ್ನುತ್ತಾರೆ. ಓದಿದ ಬೆಲೆಯ ಮೇಲೆ ಇಫ್ ನಿಂತಿದ್ದು, ಆ ಇಫ್ ದಾಟಿದ ಮೇಲಷ್ಟೇ ಒಂದು ಬರಹ ನಡೆಯುವುದಾದರೆ, ಹಾರ್ಡ್‌ವೇರ್ ಆ ಬರಹವನ್ನು ಓದಿಗಿಂತ ಮೊದಲು ಹೊರಗೆ ಕಾಣಿಸುವುದಿಲ್ಲ. ಊಹೆಯ ಬರಹವನ್ನು ಬೇರೆ ಕೋರುಗಳಿಗೆ ಯಾವ ಯಂತ್ರವೂ ತೋರಿಸುವುದಿಲ್ಲ. ಕಾರ್ಯಕ್ಷಮತೆ ಅಳೆಯುವ ಪರ್ಫ್ ಸಾಧನದ ರಿಂಗ್ ಬಫರ್ ಇದನ್ನೇ ನೆಚ್ಚಿಕೊಂಡಿದೆ: ಕರ್ನಲ್ ಕಡೆ ಡೇಟಾ_ಟೇಲ್ ಓದುವುದಕ್ಕೂ ಡೇಟಾ ಬರೆಯುವುದಕ್ಕೂ ನಡುವೆ ಬ್ಯಾರಿಯರ್ ಇಲ್ಲ, ಬರೀ ಕಂಟ್ರೋಲ್ ಡಿಪೆಂಡೆನ್ಸಿ ಎಂದು ಅಲ್ಲಿನ ಕಾಮೆಂಟ್ ಸ್ಪಷ್ಟವಾಗಿ ಹೇಳುತ್ತದೆ.

ಆದರೆ ನೆನಪಿಡಬೇಕಾದ ಮೂರು ಮಾತು. ಅದು ಓದಿನಿಂದ ಬರಹಕ್ಕೆ ಮಾತ್ರ, ಓದಿನಿಂದ ಓದಿಗೆ ಇಲ್ಲ. ಇಫ್ ಒಳಗಿನ ಓದನ್ನು ಯಂತ್ರ ಊಹಿಸಿ ಮೊದಲೇ ಮಾಡಿರುತ್ತದೆ. ಟೇಲ್ ಅನ್ನು ರೀಡ್_ಒನ್ಸ್ ಮೂಲಕವೇ ಓದಬೇಕು, ಇಲ್ಲದಿದ್ದರೆ ಕಂಪೈಲರ್ ಹಳೆಯ ಬೆಲೆಯನ್ನು ರಿಜಿಸ್ಟರಿನಲ್ಲೇ ಇಟ್ಟುಕೊಳ್ಳಬಹುದು. ಮೂರನೆಯದು ಅಪಾಯದ್ದು: ಕಂಪೈಲರಿಗೆ ಕಂಟ್ರೋಲ್ ಡಿಪೆಂಡೆನ್ಸಿ ಎಂಬುದೇ ಗೊತ್ತಿಲ್ಲ. ಇಫ್, ಎಲ್ಸ್ ಎರಡರಲ್ಲೂ ಒಂದೇ ಬರಹ ಇದ್ದರೆ ಅದನ್ನು ಇಫ್‌ಗಿಂತ ಮೇಲೆ ಎತ್ತುತ್ತದೆ. ಷರತ್ತು ಯಾವಾಗಲೂ ನಿಜ ಎಂದು ಲೆಕ್ಕದಿಂದ ತಿಳಿದರೆ ಇಫ್ ಅನ್ನೇ ಅಳಿಸುತ್ತದೆ. ಉದಾಹರಣೆಗೆ ಓದಿದ್ದನ್ನು ಒಂದು ಮ್ಯಾಕ್ರೋದಿಂದ ಭಾಗಿಸಿ ಶೇಷ ನೋಡುತ್ತಿದ್ದೀರಿ, ಯಾರೋ ಆ ಮ್ಯಾಕ್ರೋವನ್ನು 1 ಮಾಡಿದರು, ಶೇಷ ಸದಾ 0, ಡಿಪೆಂಡೆನ್ಸಿ ಮಾಯ.

ನಿಮ್ಮ ಸ್ಲಾಟ್ ಬರಹ 64 ಬೈಟಿನ ಸ್ಟ್ರಕ್ಟ್ ನಕಲು, ರೈಟ್_ಒನ್ಸ್ (ರೀಡ್_ಒನ್ಸ್‌ನ ಬರಹದ ಜೋಡಿ) ಅಲ್ಲ. ಅದನ್ನು ಕಂಪೈಲರ್ ಹೇಗೆ ಬೇಕಾದರೂ ಒಡೆಯಬಹುದು. ಹೀಗಿರುವಾಗ ಎಸ್‌ಎಂಪಿ_ಲೋಡ್_ಅಕ್ವೈರ್(&ಆರ್->ಟೇಲ್) ಎಂದೇ ಬರೆಯಿರಿ. ಎಕ್ಸ್86ರಲ್ಲಿ ಒಂದು ಹೆಚ್ಚುವರಿ ಸೂಚನೆಯೂ ಬರುವುದಿಲ್ಲ, ಆರ್ಮ್64ರಲ್ಲಿ ಎಲ್‌ಡಿಆರ್ ಬದಲು ಎಲ್‌ಡಿಎಆರ್. ಓದುವವರಿಗೂ ಎರಡು ಸಮಾನ ಜೋಡಿಗಳು ಕಾಣುತ್ತವೆ.

ಮುಂಗಾರು_64

ಎರಡನೆಯ ತೊಂದರೆ ಇನ್ನೂ ಬಾಕಿ. ಎಕ್ಸ್86 ಇಷ್ಟು ಕ್ರಮವಾಗಿದ್ದರೆ ಅಲ್ಲೂ ಥ್ರೆಡ್ ಏಕೆ ಮಲಗಿಯೇ ಇರುತ್ತದೆ?

ಗಡಿಕಲ್ಲು

ಎಕ್ಸ್86 ಕಾಯದಿರುವ ಕ್ರಮ ಒಂದೇ: ಒಂದು ಜಾಗಕ್ಕೆ ಬರೆದು, ಆಮೇಲೆ ಇನ್ನೊಂದು ಜಾಗದಿಂದ ಓದುವುದು. ಬರೆದದ್ದು ಮೊದಲು ಕೋರಿನ ಸ್ಟೋರ್ ಬಫರಿನಲ್ಲಿ ಕೂರುತ್ತದೆ, ಕ್ಯಾಶ್‌ಗೆ ಇಳಿಯುವುದು ಆಮೇಲೆ. ಅಷ್ಟರಲ್ಲಿ ಮುಂದಿನ ಓದು ಮುಗಿದೇ ಹೋಗಿರುತ್ತದೆ. ನಿಮ್ಮ ಕೋಡಿನಲ್ಲಿ ಈ ಆಕಾರ ಎದ್ದು ಕಾಣುತ್ತದೆ:

ಹಾಕುವ ಕೋರ್: ಹೆಡ್ ಬರೆ. ಆಮೇಲೆ ಕ್ಯೂನಲ್ಲಿ ಯಾರಾದರೂ ಇದ್ದಾರೆಯೇ ಎಂದು ಓದು.
ತೆಗೆಯುವ ಕೋರ್: ಕ್ಯೂಗೆ ಹೆಸರು ಬರೆ. ಆಮೇಲೆ ಹೆಡ್ ಬದಲಾಯಿತೇ ಎಂದು ಓದು.

ಎರಡೂ ಕೋರುಗಳ ಬರಹ ಸ್ಟೋರ್ ಬಫರಿನಲ್ಲಿ ಇರುವಾಗಲೇ ಎರಡೂ ಓದುಗಳು ನಡೆದರೆ, ಹಾಕುವವನಿಗೆ ಕ್ಯೂ ಖಾಲಿ ಕಾಣುತ್ತದೆ, ತೆಗೆಯುವವನಿಗೆ ರಿಂಗ್ ಖಾಲಿ ಕಾಣುತ್ತದೆ. ಇವನು ಎಬ್ಬಿಸುವುದಿಲ್ಲ, ಅವನು ಮಲಗುತ್ತಾನೆ. ಇದನ್ನು ಸ್ಟೋರ್ ಬಫರಿಂಗ್ ಆಕಾರ ಎನ್ನುತ್ತಾರೆ. ಇದಕ್ಕೆ ರಿಲೀಸ್, ಅಕ್ವೈರ್ ಔಷಧವಲ್ಲ: ರಿಲೀಸ್ ತನ್ನ ಮೇಲಿನದನ್ನು ಕಾಯುತ್ತದೆ, ಅಕ್ವೈರ್ ತನ್ನ ಕೆಳಗಿನದನ್ನು, ರಿಲೀಸ್ ಬರಹ ಮತ್ತು ಅದರ ನಂತರದ ಓದಿನ ನಡುವೆ ಯಾರೂ ಇಲ್ಲ. ಎರಡೂ ಕಡೆ ಪೂರ್ಣ ಎಸ್‌ಎಂಪಿ_ಎಂಬಿ() ಬೇಕು.

ತೆಗೆಯುವ ಕಡೆ ಅದು ಈಗಾಗಲೇ ಇದೆ. ವೇಟ್_ಈವೆಂಟ್ ಒಳಗೆ ಕ್ಯೂಗೆ ಸೇರಿದ ಮೇಲೆ ಸೆಟ್_ಕರೆಂಟ್_ಸ್ಟೇಟ್ ನಡೆಯುತ್ತದೆ. ಅದು ಎಸ್‌ಎಂಪಿ_ಸ್ಟೋರ್_ಎಂಬಿ, ಬರೆದು ಪೂರ್ಣ ಬ್ಯಾರಿಯರ್ ಹಾಕುತ್ತದೆ. ಷರತ್ತನ್ನು ಮತ್ತೆ ಓದುವುದು ಅದಾದ ಮೇಲೆ. ಹಾಕುವ ಕಡೆ ಮಾತ್ರ ಏನೂ ಇಲ್ಲ. ವೇಟ್‌ಕ್ಯೂ_ಆಕ್ಟಿವ್ ಎಂದರೆ ಲಾಕ್ ಹಿಡಿಯದೆ ಲಿಸ್ಟ್ ಖಾಲಿಯೇ ಎಂದು ಇಣುಕುವುದಷ್ಟೇ, ಅದರ ಮೇಲಿನ ಕಾಮೆಂಟೇ ಮೊದಲು ಎಸ್‌ಎಂಪಿ_ಎಂಬಿ() ಬೇಕು ಎನ್ನುತ್ತದೆ. ಕೈಯಾರೆ ಹಾಕುವ ಬದಲು ಡಬ್ಲ್ಯೂಕ್ಯೂ_ಹ್ಯಾಸ್_ಸ್ಲೀಪರ್() ಬಳಸಿ. ಒಳಗೆ ಬ್ಯಾರಿಯರ್ ಹಾಕಿ ಆಮೇಲೆ ಇಣುಕುತ್ತದೆ.

ಇದೇ ಆಕಾರ ಲಿನಕ್ಸಿನ ಅಸಿಂಕ್ರೊನಸ್ ಐಒ ವ್ಯವಸ್ಥೆಯಾದ ಐಒ_ಯೂರಿಂಗ್‌ನಲ್ಲೂ ಇದೆ. ಎಸ್‌ಕ್ಯೂ ಪೋಲ್ ಥ್ರೆಡ್ (ಸಲ್ಲಿಕೆಯ ಸರದಿಯನ್ನು ತಾನಾಗಿ ನೋಡುತ್ತಿರುವ ಕರ್ನಲ್ ಥ್ರೆಡ್) ಬಳಸುವ ಅಪ್ಲಿಕೇಶನ್ ಟೇಲ್ ಬರೆದ ಮೇಲೆ, ನೀಡ್_ವೇಕಪ್ ಫ್ಲ್ಯಾಗ್ ಓದುವ ಮೊದಲು ಪೂರ್ಣ ಬ್ಯಾರಿಯರ್ ಹಾಕಲೇಬೇಕು. ಸ್ವಂತ ಲೈಬ್ರರಿ ಬರೆಯುವವರು ಬಿಡುವುದು ಇದನ್ನೇ.

ಓರಣ

ಗಡಿಕಲ್ಲು ಅವರ ಮಾತಿಗೆ ಒಂದು ಸೇರ್ಪಡೆ. ಕರ್ನಲ್ ಆರ್ಮ್64ರಲ್ಲಿ ಅಕ್ವೈರ್‌ಗೆ ಎಲ್‌ಡಿಎಆರ್ ಬಳಸುತ್ತದೆ. ಮೊದಲಿನ ಎಸ್‌ಟಿಎಲ್‌ಆರ್ ಅನ್ನು ಆಮೇಲಿನ ಎಲ್‌ಡಿಎಆರ್ ದಾಟುವುದಿಲ್ಲ. ಹಾಗಾಗಿ ಸ್ಟೋರ್ ಬಫರಿಂಗ್ ಆಕಾರವನ್ನು ರಿಲೀಸ್, ಅಕ್ವೈರ್‌ನಲ್ಲಿ ಬರೆದರೆ ಆರ್ಮ್64ರಲ್ಲಿ ಸರಿಯಾಗಿ ನಡೆದು ಎಕ್ಸ್86ರಲ್ಲಿ ಮುರಿಯಬಹುದು. "ಎಕ್ಸ್86 ಬಿಗಿ, ಆರ್ಮ್ ಸಡಿಲ" ಎಂಬ ಒಂದೇ ಸಾಲಿನ ನಂಬಿಕೆ ಇಲ್ಲಿ ಕೈಕೊಡುತ್ತದೆ. ಯಂತ್ರ ನೋಡಿ ಬರೆಯಬೇಡಿ, ಲಿನಕ್ಸ್ ಮೆಮೊರಿ ಮಾಡೆಲ್ ಏನು ಖಾತ್ರಿ ಕೊಡುತ್ತದೋ ಅದನ್ನು ನೋಡಿ ಬರೆಯಿರಿ. ಆ ಮಾಡೆಲ್‌ನಲ್ಲಿ ಈ ಖಾತ್ರಿ ಇಲ್ಲ.

ತೇಗದಮರ

ಇಣುಕುವುದೇ ಬೇಡ, ಪ್ರತಿ ಸಲ ನೇರವಾಗಿ ವೇಕ್_ಅಪ್ ಕರೆದರೆ?

ಗಡಿಕಲ್ಲು

ಸರಿಯೇ, ಬೇರೆ ಬ್ಯಾರಿಯರ್ ಬೇಡ. ವೇಕ್_ಅಪ್ ಕ್ಯೂನ ಲಾಕ್ ಹಿಡಿಯುತ್ತದೆ. ಕ್ಯೂಗೆ ಸೇರುವವರೂ ಅದೇ ಲಾಕ್ ಹಿಡಿಯುತ್ತಾರೆ. ಎಬ್ಬಿಸುವವರ ಸರದಿ ಮೊದಲಾದರೆ, ಅವರು ಲಾಕ್ ಬಿಟ್ಟದ್ದಕ್ಕೂ ಇವರು ಹಿಡಿದದ್ದಕ್ಕೂ ನಡುವೆ ರಿಲೀಸ್-ಅಕ್ವೈರ್ ಬೆಸುಗೆ ಇದೆ, ಹೊಸ ಹೆಡ್ ಕಾಣಲೇಬೇಕು. ಮಲಗುವವರ ಸರದಿ ಮೊದಲಾದರೆ, ಎಬ್ಬಿಸುವವರಿಗೆ ಲಿಸ್ಟಿನಲ್ಲಿ ಹೆಸರು ಕಾಣಲೇಬೇಕು. ಐಟಂಗಳ ದರ ಕಡಿಮೆ ಇದ್ದರೆ ಹೀಗೇ ಬರೆಯಿರಿ, ಸರಳವಾದದ್ದು ಸರಳವಾಗಿರಲಿ. ದರ ಹೆಚ್ಚಿದ್ದರೆ ಲಾಕ್‌ಗಿಂತ ಹ್ಯಾಸ್_ಸ್ಲೀಪರ್ ಅಗ್ಗ. ಅದಕ್ಕಿಂತಲೂ ಅಗ್ಗದ್ದು ಒಟ್ಟಿಗೆ ಹಾಕುವುದು: ಒಂದು ಇಂಟರಪ್ಟಿನಲ್ಲಿ 16 ಐಟಂ ಬಂದರೆ 16 ಸ್ಲಾಟ್ ಬರೆದು, ಹೆಡ್‌ಗೆ ಒಂದೇ ರಿಲೀಸ್, ಒಂದೇ ಹ್ಯಾಸ್_ಸ್ಲೀಪರ್.

ಹೆಡ್, ಟೇಲ್ ಒಂದೇ ಕ್ಯಾಶ್ ಲೈನಿನಲ್ಲಿದ್ದರೆ ಬ್ಯಾರಿಯರಿಗಿಂತ ಹೆಚ್ಚು ಹೊತ್ತು ಅದರ ಎಳೆದಾಟದಲ್ಲೇ ಹೋಗುತ್ತದೆ. ಎರಡಕ್ಕೂ ಕ್ಯಾಶ್‌ಲೈನ್_ಅಲೈನ್ಡ್_ಇನ್_ಎಸ್‌ಎಂಪಿ ಹಾಕಿ ಬೇರೆ ಮಾಡಿ. ಹಾಕುವ ಕಡೆ ಟೇಲ್‌ನ ಒಂದು ನಕಲು ಇಟ್ಟುಕೊಂಡು, ಆ ನಕಲಿನ ಪ್ರಕಾರ ರಿಂಗ್ ತುಂಬಿದಂತೆ ಕಂಡಾಗ ಮಾತ್ರ ನಿಜವಾದ ಟೇಲ್ ಅನ್ನು ಅಕ್ವೈರ್‌ನಿಂದ ಓದಬಹುದು.

ಸಣ್ಣಸುಳಿ

ವೇಟ್ ಕ್ಯೂ ಬದಲು "ಮಲಗಿದ್ದೇನೆ" ಎಂಬ ಅಟಾಮಿಕ್_ಟಿ ಫ್ಲ್ಯಾಗ್ ಇಡಬಹುದಲ್ಲ. ಅಟಾಮಿಕ್_ಸೆಟ್ ಮಾಡಿದರೆ ಬ್ಯಾರಿಯರ್ ತಾನಾಗಿಯೇ ಬರುತ್ತದೆ.

ಓರಣ

ಬರುವುದಿಲ್ಲ. ಈ ತಪ್ಪು ಕರ್ನಲ್ಲಿನಲ್ಲೇ ಹಲವು ಕಡೆ ಇದ್ದು, ಒಂದೊಂದಾಗಿ ತಿದ್ದಬೇಕಾಯಿತು. ಅಟಾಮಿಕ್ ಎಂದರೆ ತುಂಡಾಗದ್ದು, ಕ್ರಮ ಬೇರೆ ವಿಷಯ. ಅಟಾಮಿಕ್_ಸೆಟ್, ಅಟಾಮಿಕ್_ರೀಡ್ ಎರಡೂ ರೈಟ್_ಒನ್ಸ್, ರೀಡ್_ಒನ್ಸ್ ಇದ್ದಂತೆ, ಕ್ರಮದ ಖಾತ್ರಿ ಇಲ್ಲ. ಅಟಾಮಿಕ್_ಇಂಕ್, ಸೆಟ್_ಬಿಟ್ ಹೀಗೆ ಬೆಲೆ ಹಿಂದಿರುಗಿಸದವಕ್ಕೂ ಕ್ರಮ ಇಲ್ಲ. ಅಟಾಮಿಕ್_ಇಂಕ್_ರಿಟರ್ನ್, ಎಕ್ಸ್‌ಚೇಂಜ್, ಟೆಸ್ಟ್_ಅಂಡ್_ಸೆಟ್_ಬಿಟ್ ಹೀಗೆ ಬೆಲೆ ಹಿಂದಿರುಗಿಸುವವು ಹಿಂದೆ ಮುಂದೆ ಎರಡೂ ಕಡೆ ಪೂರ್ಣ ಕ್ರಮ ಕಾಯುತ್ತವೆ, ಹೆಸರಿನ ಕೊನೆಗೆ ರಿಲ್ಯಾಕ್ಸ್ಡ್, ಅಕ್ವೈರ್, ರಿಲೀಸ್ ಎಂದು ಇಲ್ಲದಿದ್ದರೆ. ಕಂಪೇರ್-ಎಕ್ಸ್‌ಚೇಂಜ್ ವಿಫಲವಾದರೆ ಮತ್ತೆ ಯಾವ ಖಾತ್ರಿಯೂ ಇಲ್ಲ.

ಬೆಲೆ ಕೊಡದವುಗಳ ಪಕ್ಕದಲ್ಲಿ ಎಸ್‌ಎಂಪಿ_ಎಂಬಿ__ಆಫ್ಟರ್_ಅಟಾಮಿಕ್() ಹಾಕಿ ಕ್ರಮ ತರಬಹುದು. ಅದನ್ನು ಅಟಾಮಿಕ್_ಸೆಟ್ ಪಕ್ಕದಲ್ಲಿ ಹಾಕುವುದು ಮಾತ್ರ ಪಕ್ಕಾ ದೋಷ. ಎಕ್ಸ್86ರಲ್ಲಿ ಅಟಾಮಿಕ್_ಇಂಕ್‌ಗೆ ಲಾಕ್ ಪ್ರಿಫಿಕ್ಸ್ ಇದ್ದೇ ಇರುತ್ತದೆ ಎಂದು ಭಾವಿಸಿ ಅದು ಅಲ್ಲಿ ಬರೀ ಕಂಪೈಲರ್ ಬ್ಯಾರಿಯರ್ ಆಗಿ ಬಿಚ್ಚಿಕೊಳ್ಳುತ್ತದೆ. ಅಟಾಮಿಕ್_ಸೆಟ್‌ನಲ್ಲಿ ಲಾಕ್ ಪ್ರಿಫಿಕ್ಸ್ ಇಲ್ಲ. ನೋಡಿದವರಿಗೆ ಬ್ಯಾರಿಯರ್ ಇದೆ ಎಂದು ಕಾಣುತ್ತದೆ, ಯಂತ್ರದಲ್ಲಿ ಏನೂ ಇರುವುದಿಲ್ಲ.

ನಿಮ್ಮ ಫ್ಲ್ಯಾಗ್‌ಗೆ ಅಟಾಮಿಕ್_ಟಿ ಬೇಡ. ಬರೆಯುವ ಕಡೆ ಎಸ್‌ಎಂಪಿ_ಸ್ಟೋರ್_ಎಂಬಿ, ಆ ಕಡೆ ಹೆಡ್ ಬರೆದು ಎಸ್‌ಎಂಪಿ_ಎಂಬಿ ಹಾಕಿ ರೀಡ್_ಒನ್ಸ್. ಆದರೆ ವೇಟ್ ಕ್ಯೂ ಇರುವಾಗ ಇದನ್ನು ಕೈಯಾರೆ ಏಕೆ ಕಟ್ಟಬೇಕು?

ಮುಂಗಾರು_64

ರಿಂಗ್ ಸಿಪಿಯು-ಸಿಪಿಯು ನಡುವೆ ಅಲ್ಲದೆ, ಸಾಧನ ನೇರವಾಗಿ ಡಿಎಂಎ (ಸಿಪಿಯು ನಡುವೆ ಬರದೆ ಮೆಮೊರಿ ಮುಟ್ಟುವ ವಿಧಾನ) ಮೂಲಕ ತುಂಬುವುದಾದರೆ ಇವೇ ಸಾಕೇ?

ಗಡಿಕಲ್ಲು

ಸಾಲದು. ಎಸ್‌ಎಂಪಿ ಎಂದು ಶುರುವಾಗುವವೆಲ್ಲ ಸಿಪಿಯುಗಳ ನಡುವೆ ಮಾತ್ರ. ಎಸ್‌ಎಂಪಿ (ಹಲವು ಕೋರುಗಳ ಬೆಂಬಲ) ಇಲ್ಲದ ಕರ್ನಲ್ ಬಿಲ್ಡಿನಲ್ಲಿ ಅವು ಕಂಪೈಲರ್ ಬ್ಯಾರಿಯರ್ ಆಗಿ ಕುಗ್ಗುತ್ತವೆ, ಸಾಧನ ಮಾತ್ರ ಅಲ್ಲೇ ಇರುತ್ತದೆ. ಡಿಸ್ಕ್ರಿಪ್ಟರಿನ (ಸಾಧನದ ರಿಂಗಿನ ಒಂದು ನಮೂದಿನ) ಮಾಲೀಕತ್ವದ ಬಿಟ್ ನೋಡಿದ ಮೇಲೆ, ಉಳಿದ ಫೀಲ್ಡುಗಳನ್ನು ಓದುವ ಮೊದಲು ಡಿಎಂಎ_ಆರ್‌ಎಂಬಿ(). ಫೀಲ್ಡುಗಳನ್ನು ಬರೆದ ಮೇಲೆ, ಮಾಲೀಕತ್ವ ಸಾಧನಕ್ಕೆ ಕೊಡುವ ಮೊದಲು ಡಿಎಂಎ_ಡಬ್ಲ್ಯೂಎಂಬಿ(). ಕೆಲಸ ಬಂದಿದೆ ಎಂದು ಸಾಧನಕ್ಕೆ ತಿಳಿಸುವ ಡೋರ್‌ಬೆಲ್ ರಿಜಿಸ್ಟರಿಗೆ ರೈಟ್‌ಎಲ್ ಬಳಸಿದರೆ ಬೇಕಾದ ಬ್ಯಾರಿಯರ್ ಅದರೊಳಗೇ ಇದೆ, ರೈಟ್‌ಎಲ್_ರಿಲ್ಯಾಕ್ಸ್ಡ್‌ನಲ್ಲಿ ಇಲ್ಲ. ಆರ್ಮ್64ರಲ್ಲಿ ವ್ಯತ್ಯಾಸ ಸೂಚನೆಯಲ್ಲೇ ಕಾಣುತ್ತದೆ: ಎಸ್‌ಎಂಪಿಯದು ಡಿಎಂಬಿ ಐಎಸ್‌ಎಚ್, ಡಿಎಂಎಯದು ಡಿಎಂಬಿ ಓಎಸ್‌ಎಚ್, ಬರಿಯ ಎಂಬಿ() ಡಿಎಸ್‌ಬಿ.

ವರ್ಚುವಲ್ ಮಶೀನಿನ ಒಳಗಿನ ವರ್ಟ್‌ಐಒ ರಿಂಗ್‌ಗೆ ಇನ್ನೊಂದು ಕುಟುಂಬವೇ ಇದೆ, ವರ್ಟ್_ಎಂಬಿ, ವರ್ಟ್_ಡಬ್ಲ್ಯೂಎಂಬಿ. ಗೆಸ್ಟ್ ಒಂದೇ ಕೋರಿನ ಬಿಲ್ಡ್ ಆಗಿದ್ದರೂ ಹೋಸ್ಟ್ ಬೇರೆ ಕೋರಿನಲ್ಲಿ ಓಡುತ್ತಿರುತ್ತದೆ, ಹಾಗಾಗಿ ಅವು ಯಾವ ಬಿಲ್ಡಿನಲ್ಲೂ ಕುಗ್ಗುವುದಿಲ್ಲ.

ಸಣ್ಣಸುಳಿ

ಪಕ್ಕದ ಪ್ರಶ್ನೆ. ಅಂಕಿಅಂಶಗಳಿಗೆ ಸೀಕ್ವೆನ್ಸ್ ಎಣಿಕೆ ಕೈಯಾರೆ ಬರೆಯುವಾಗ, ಓದುವ ಕಡೆ ಕೊನೆಯಲ್ಲಿ ಎಣಿಕೆಯನ್ನು ಮತ್ತೆ ಅಕ್ವೈರ್‌ನಿಂದ ಓದಿದರೆ ಸಾಕಲ್ಲ?

ಓರಣ

ಸಾಲದು, ಇದು ತುಂಬ ಜನ ಎಡವುವ ಜಾಗ. ಓದುವ ಕಡೆ ಮೊದಲು ಎಣಿಕೆ ಓದಿ, ಆಮೇಲೆ ಡೇಟಾ, ಕೊನೆಗೆ ಮತ್ತೆ ಎಣಿಕೆ; ಎರಡು ಎಣಿಕೆ ಬೇರೆಯಾದರೆ ಮೊದಲಿನಿಂದ ಓದು. ಮೊದಲ ಎಣಿಕೆಗೆ ಅಕ್ವೈರ್ ಸರಿ, ಡೇಟಾ ಅದಕ್ಕಿಂತ ಮೇಲೇರುವುದಿಲ್ಲ. ಕೊನೆಯದಕ್ಕೆ ಬೇಕಾದ್ದು ಉಲ್ಟಾ: ಡೇಟಾ ಓದುಗಳು ಎಣಿಕೆಯ ಓದಿಗಿಂತ ಕೆಳಗೆ ಜಾರಬಾರದು. ಅಕ್ವೈರ್ ತನ್ನ ಮೇಲಿನವನ್ನು ಹಿಡಿಯುವುದಿಲ್ಲ. ಅದಕ್ಕೆ ಡೇಟಾ ಮತ್ತು ಕೊನೆಯ ಎಣಿಕೆಯ ನಡುವೆ ಎಸ್‌ಎಂಪಿ_ಆರ್‌ಎಂಬಿ(). ಬರೆಯುವ ಕಡೆ ಎಣಿಕೆ ಬೆಸ ಮಾಡಿ ಎಸ್‌ಎಂಪಿ_ಡಬ್ಲ್ಯೂಎಂಬಿ, ಡೇಟಾ, ಮತ್ತೆ ಎಸ್‌ಎಂಪಿ_ಡಬ್ಲ್ಯೂಎಂಬಿ, ಎಣಿಕೆ ಮತ್ತೆ ಸಮ. ಬರೆಯುವ ಹೊತ್ತಿನಲ್ಲಿ ಪ್ರಿಎಂಪ್ಷನ್ (ನಡುವೆಯೇ ಬೇರೆ ಥ್ರೆಡ್‌ಗೆ ಕೋರ್ ಕೊಡುವುದು) ಮುಚ್ಚಿರಬೇಕು. ಅದೇ ಕೋರಿನ ಇಂಟರಪ್ಟಿನಲ್ಲಿ ಓದುವವರಿದ್ದರೆ ಇಂಟರಪ್ಟೂ ಮುಚ್ಚಿರಬೇಕು, ಇಲ್ಲದಿದ್ದರೆ ಓದುವವರು ಬೆಸ ಎಣಿಕೆ ನೋಡುತ್ತ ಸುತ್ತುತ್ತಲೇ ಇರುತ್ತಾರೆ. ಕರ್ನಲ್ಲಿನ ಸೀಕ್‌ಕೌಂಟ್_ಟಿ ಇದನ್ನೆಲ್ಲ ಮಾಡಿಟ್ಟಿದೆ, ಅದನ್ನೇ ಬಳಸಿ.

ಬಫರ್‌ಬಳ್ಳಿ

ತಿದ್ದಿದ ಮೇಲೆ ಸರಿ ಎಂದು ಹೇಗೆ ಖಾತ್ರಿ ಮಾಡಿಕೊಳ್ಳುವುದು? ರಾತ್ರಿಯಿಡೀ ಓಡಿಸಿ ನೋಡುವುದೇ?

ಗಡಿಕಲ್ಲು

ಓಡಿಸಿ ಕೆಟ್ಟರೆ ದೋಷ ಇದೆ ಎಂದು ತಿಳಿಯುತ್ತದೆ, ಕೆಡದಿದ್ದರೆ ಏನೂ ತಿಳಿಯುವುದಿಲ್ಲ. ಮೊದಲು ಮಾಡೆಲ್‌ನಲ್ಲಿ ಪರೀಕ್ಷಿಸಿ. 2018ರ 4.17ರಿಂದ ಕರ್ನಲ್ ಮೂಲದ ಟೂಲ್ಸ್ ಫೋಲ್ಡರಿನ ಮೆಮೊರಿ-ಮಾಡೆಲ್ ಒಳಗೆ ಔಪಚಾರಿಕ ಮಾಡೆಲ್ ಇದೆ, ಹರ್ಡ್7 ಎಂಬ ಸಾಧನ ಅದನ್ನು ಓದುತ್ತದೆ. ನಿಮ್ಮ ಇಡೀ ಡ್ರೈವರ್ ಬೇಡ. ಆಕಾರವನ್ನು ಮಾತ್ರ ಇಳಿಸಿ:

ಪಿ0: ರೈಟ್_ಒನ್ಸ್(ಹೆಡ್, 1); ಎಸ್‌ಎಂಪಿ_ಎಂಬಿ(); ಆರ್0 = ರೀಡ್_ಒನ್ಸ್(ಕ್ಯೂ);
ಪಿ1: ರೈಟ್_ಒನ್ಸ್(ಕ್ಯೂ, 1); ಎಸ್‌ಎಂಪಿ_ಎಂಬಿ(); ಆರ್1 = ರೀಡ್_ಒನ್ಸ್(ಹೆಡ್);
ಎಗ್ಜಿಸ್ಟ್ಸ್ (0:ಆರ್0=0 ಮತ್ತು 1:ಆರ್1=0)

ಹರ್ಡ್7 "ನೆವರ್" ಎನ್ನುತ್ತದೆ, ಅಂದರೆ ಎಗ್ಜಿಸ್ಟ್ಸ್ ಸಾಲಿನ ಸ್ಥಿತಿ ಎಂದೂ ಬರದು. ಯಾವುದೇ ಒಂದು ಎಸ್‌ಎಂಪಿ_ಎಂಬಿ ತೆಗೆದರೆ "ಸಮ್‌ಟೈಮ್ಸ್". ಹೆಡ್-ಸ್ಲಾಟ್ ಜೋಡಿಗೂ ಹೀಗೆ ಮಾಡಿ, ಒಂದೊಂದೇ ಬ್ಯಾರಿಯರ್ ಕಿತ್ತು ನೋಡಿ. ಕಿತ್ತರೂ "ನೆವರ್" ಬಂದರೆ ಆ ಬ್ಯಾರಿಯರ್ ನಿಮಗೆ ಬೇಕಿರಲಿಲ್ಲ, ಇಲ್ಲವೇ ನೀವು ಆಕಾರವನ್ನು ತಪ್ಪಾಗಿ ಇಳಿಸಿದ್ದೀರಿ. ಅದೇ ಫೈಲನ್ನು ಕೆಲಿಟ್ಮಸ್7 ಮೂಲಕ ಕರ್ನಲ್ ಮಾಡ್ಯೂಲ್ ಮಾಡಿ ನಿಮ್ಮ ಬೋರ್ಡಿನ ಮೇಲೂ ಓಡಿಸಬಹುದು.

ಆಮೇಲೆ ಕೆಸಿಸ್ಯಾನ್. 2020ರ 5.8ರಲ್ಲಿ ಬಂತು, ಗುರುತಿಲ್ಲದ ಬರಿಯ ಓದು-ಬರಹಗಳ ಪೈಪೋಟಿಯನ್ನು ಹಿಡಿಯುತ್ತದೆ. ಸ್ಟ್ರಿಕ್ಟ್ ಆಯ್ಕೆ ಹಾಕಿ. ಮೂಲ ಸೆಟ್ಟಿಂಗಿನಲ್ಲಿ ಪದದ ಗಾತ್ರದ ಬರಿಯ ಬರಹಗಳನ್ನು ಅದು ಕ್ಷಮಿಸಿಬಿಡುತ್ತದೆ, ನಿಮ್ಮ ಮೊದಲಿನ ಹೆಡ್ ಬರಹ ಅದರಲ್ಲೇ ನುಸುಳಿಹೋಗುತ್ತದೆ. 5.17ರಿಂದ ವೀಕ್ ಮೆಮೊರಿ ಆಯ್ಕೆಯೂ ಇದೆ, ಕಾಣೆಯಾದ ಬ್ಯಾರಿಯರ್‌ಗಳಲ್ಲಿ ಕೆಲವನ್ನು ತೋರಿಸುತ್ತದೆ. ಅದು ಓದು-ಬರಹಗಳನ್ನು ತಡ ಮಾಡಿ ನೋಡಬಲ್ಲದು, ಮುಂದಿನ ಓದನ್ನು ಮೊದಲೇ ಮಾಡಿದಂತೆ ನಟಿಸಲಾರದು. ಹಾಗಾಗಿ ಮರೆತ ರಿಲೀಸ್ ಸಿಗಬಹುದು, ಮರೆತ ಅಕ್ವೈರ್ ಅದರಿಂದ ಸಿಗುತ್ತದೆ ಎಂದು ನಂಬಬೇಡಿ.

ಬಫರ್‌ಬಳ್ಳಿ

ತಿದ್ದಿದ ರೂಪ. ಹಾಕುವ ಕಡೆ:

ಹೆಡ್ = ಆರ್->ಹೆಡ್;
ಟೇಲ್ = ಎಸ್‌ಎಂಪಿ_ಲೋಡ್_ಅಕ್ವೈರ್(&ಆರ್->ಟೇಲ್); /* ಜೋಡಿ: ತೆಗೆಯುವ ಕಡೆಯ ಟೇಲ್ ರಿಲೀಸ್ */
ಇಫ್ (ಹೆಡ್ - ಟೇಲ್ >= 256) ರಿಟರ್ನ್ ಫಾಲ್ಸ್;
ಆರ್->ಸ್ಲಾಟ್[ಹೆಡ್ & 255] = ಐಟಂ;
ಎಸ್‌ಎಂಪಿ_ಸ್ಟೋರ್_ರಿಲೀಸ್(&ಆರ್->ಹೆಡ್, ಹೆಡ್ + 1); /* ಜೋಡಿ: ತೆಗೆಯುವ ಕಡೆಯ ಹೆಡ್ ಅಕ್ವೈರ್ */
ಇಫ್ (ಡಬ್ಲ್ಯೂಕ್ಯೂ_ಹ್ಯಾಸ್_ಸ್ಲೀಪರ್(&ಆರ್->ಕ್ಯೂ)) ವೇಕ್_ಅಪ್(&ಆರ್->ಕ್ಯೂ); /* ಜೋಡಿ: ಸೆಟ್_ಕರೆಂಟ್_ಸ್ಟೇಟ್ */

ತೆಗೆಯುವ ಕಡೆ ಷರತ್ತಿನಲ್ಲಿ ಹೆಡ್ ಅಕ್ವೈರ್, ಕೊನೆಯಲ್ಲಿ ಟೇಲ್ ರಿಲೀಸ್. ತನ್ನದೇ ಇಂಡೆಕ್ಸನ್ನು ಬರಿದಾಗಿ ಓದಿದ್ದೇನೆ, ಬೇರೆ ಯಾರೂ ಅದನ್ನು ಬರೆಯುವುದಿಲ್ಲ. ಡೀಬಗ್‌ಎಫ್‌ಎಸ್‌ನಲ್ಲಿ (ಕರ್ನಲ್ ಒಳಗಿನ ಮಾಹಿತಿಯನ್ನು ಫೈಲುಗಳಾಗಿ ತೋರಿಸುವ ವ್ಯವಸ್ಥೆ) "ರಿಂಗಿನಲ್ಲಿ ಎಷ್ಟು ಇದೆ" ಎಂದು ತೋರಿಸುವ ಫೈಲೂ ಇದೆ: ರೀಡ್_ಒನ್ಸ್(ಹೆಡ್) - ರೀಡ್_ಒನ್ಸ್(ಟೇಲ್). ಒಮ್ಮೊಮ್ಮೆ 4294967295 ಎಂದು ತೋರಿಸುತ್ತದೆ.

ತೇಗದಮರ

ಷರತ್ತಿನಲ್ಲಿ ಕೆಥ್ರೆಡ್_ಶುಡ್_ಸ್ಟಾಪ್() ಕೂಡ ಸೇರಿಸಿ, ಇಲ್ಲದಿದ್ದರೆ ರಿಂಗ್ ಖಾಲಿ ಇರುವಾಗ ಮಾಡ್ಯೂಲ್ ಇಳಿಸಲು ಹೋದವರು ಅಲ್ಲೇ ನಿಲ್ಲುತ್ತಾರೆ. ಸೇರಿಸಿದ ಮೇಲೆ, ಎದ್ದ ತಕ್ಷಣ ಹೆಡ್ ಅನ್ನು ಮತ್ತೊಮ್ಮೆ ಅಕ್ವೈರ್‌ನಿಂದ ಓದಿ ಖಾಲಿಯೇ ಎಂದು ನೋಡಬೇಕು. ಎದ್ದದ್ದು ಐಟಂಗಾಗಿ ಅಲ್ಲದೆ ನಿಲ್ಲುವುದಕ್ಕಾಗಿಯೂ ಇರಬಹುದು.

ಓರಣ

ರಿಂಗ್ ಕೋಡ್ ಸರಿಯಾಗಿದೆ. ಡೀಬಗ್‌ಎಫ್‌ಎಸ್ ಸಾಲನ್ನು ತಿದ್ದಿ. ಹೆಡ್ ಮೊದಲು ಓದಿದರೆ, ಟೇಲ್ ಓದುವಷ್ಟರಲ್ಲಿ ತೆಗೆಯುವವರು ಆ ಹಳೆಯ ಹೆಡ್ ಅನ್ನು ದಾಟಿ ಮುಂದೆ ಹೋಗಿರಬಹುದು, ಕಳೆದರೆ -1, ಯು32ನಲ್ಲಿ ನಿಮ್ಮ 4294967295. ಬರೀ ಸಾಲುಗಳ ಸ್ಥಾನ ಬದಲಿಸಿದರೂ ಸಾಲದು, ಓದುಗಳು ಹಿಂದುಮುಂದಾಗಬಹುದು. ಮೊದಲು ಎಸ್‌ಎಂಪಿ_ಲೋಡ್_ಅಕ್ವೈರ್(&ಆರ್->ಟೇಲ್), ಆಮೇಲೆ ಪ್ರತ್ಯೇಕ ಸಾಲಿನಲ್ಲಿ ರೀಡ್_ಒನ್ಸ್(ಆರ್->ಹೆಡ್).

ಇಲ್ಲಿ ಮೂರು ಕೋರುಗಳಿವೆ ಎಂಬುದನ್ನು ಗಮನಿಸಿ. ಹಾಕುವವರು ಹೆಡ್ ಬರೆದರು, ತೆಗೆಯುವವರು ಅದನ್ನು ಅಕ್ವೈರ್‌ನಿಂದ ನೋಡಿ ಟೇಲ್ ಅನ್ನು ರಿಲೀಸ್ ಮಾಡಿದರು, ಡೀಬಗ್‌ಎಫ್‌ಎಸ್ ಆ ಟೇಲ್ ನೋಡಿತು. ತಾನು ನೋಡಿದ ಟೇಲ್‌ಗಿಂತ ಹಿಂದಿನ ಹೆಡ್ ಅದಕ್ಕೆ ಕಾಣಬಾರದು. ರಿಲೀಸ್ ತಾನು ಬರೆದದ್ದನ್ನಷ್ಟೇ ಅಲ್ಲ, ತಾನು ನೋಡಿದ್ದನ್ನೂ ಜೊತೆಗೆ ದಾಟಿಸುತ್ತದೆ, ಪವರ್ ಯಂತ್ರದಲ್ಲೂ. ಹಾಗಾಗಿ ವ್ಯತ್ಯಾಸ ಎಂದೂ ಋಣವಾಗುವುದಿಲ್ಲ. 256 ಮೀರಬಹುದು, ಏಕೆಂದರೆ ಟೇಲ್ ಓದಿದ ಮೇಲೆ ಎರಡೂ ಮುಂದೆ ಹೋಗಿರಬಹುದು. ಮಿನ್ ಹಾಕಿ 256ಕ್ಕೆ ನಿಲ್ಲಿಸಿ. ಇದಕ್ಕೂ ಜೋಡಿಯ ಕಾಮೆಂಟ್ ಬರೆಯಿರಿ: ಟೇಲ್ ರಿಲೀಸ್‌ಗೆ ಈಗ ಎರಡು ಅಕ್ವೈರ್‌ಗಳು ಜೋಡಿ, ತೆಗೆಯುವ ಕಡೆಯ ಆ ಸಾಲನ್ನು ಮುಂದೆ ಯಾರಾದರೂ ಸಡಿಲಿಸುವ ಮೊದಲು ಎರಡನ್ನೂ ನೋಡಬೇಕು.

ಬಫರ್‌ಬಳ್ಳಿ

ಮೂರು ಕೋರಿನ ಆಕಾರವನ್ನೂ ಹರ್ಡ್7ಗೆ ಕೊಟ್ಟೆ: "ನೆವರ್". ಡೀಬಗ್‌ಎಫ್‌ಎಸ್ ಕಡೆ ಅಕ್ವೈರ್ ಬದಲು ರೀಡ್_ಒನ್ಸ್ ಇಟ್ಟರೆ "ಸಮ್‌ಟೈಮ್ಸ್".